ಹಳೆಯ ಮಸಲ್ ಕಾರಿಗೆ ಕ್ಯಾಚ್ ಕ್ಯಾನ್: ಡಬ್ಬಿಗಿಂತ ಮೊದಲು ಪೈಪು ನೋಡಿ

ಎಂಜಿನ್ನಿನಿಂದ ಹೊರಬರುವ ಆವಿಯಲ್ಲಿನ ಆಯಿಲನ್ನು ಹಿಡಿದಿಟ್ಟುಕೊಳ್ಳುವ ಡಬ್ಬಿಗೆ ಕ್ಯಾಚ್ ಕ್ಯಾನ್ ಎನ್ನುತ್ತಾರೆ. ಅದನ್ನು ಕೊಳ್ಳಲು ಹೊರಟವರು ಡಬ್ಬಿಯ ಬಣ್ಣ, ಗಾತ್ರ, ಬ್ರ್ಯಾಂಡು ಇವನ್ನೇ ಹೋಲಿಸುತ್ತ ಕೂರುತ್ತಾರೆ. ಹಳೆಯ ವಿ8 (ಎಂಟು ಸಿಲಿಂಡರಿನ) ಎಂಜಿನ್ನಿನ ಹೊಟ್ಟೆಯಿಂದ ಆವಿ ಹೊರಬರುವ ದಾರಿಗಳು ಎರಡು. ಆಯಿಲ್ ಬರುತ್ತಿರುವುದು ಯಾವ ದಾರಿಯಲ್ಲಿ ಎಂಬುದು ಮೊದಲು ಗೊತ್ತಾಗಬೇಕು. ಅದು ಗೊತ್ತಾದ ಕೂಡಲೇ ಅಂಗಡಿಯಲ್ಲಿರುವ ಡಬ್ಬಿಗಳಲ್ಲಿ ಅರ್ಧಕ್ಕರ್ಧ ನಿಮ್ಮ ಕಾರಿಗಲ್ಲ ಎಂಬುದೂ ಗೊತ್ತಾಗುತ್ತದೆ. ಕೆಲವರಿಗೆ ಡಬ್ಬಿಯೇ ಬೇಡ ಎಂಬುದೂ.

ಇಲ್ಲಿ ಹೇಳುತ್ತಿರುವುದು 1964ರ ಪಾಂಟಿಯಾಕ್ ಜಿಟಿಒದಿಂದ ಹಿಡಿದು ಎಪ್ಪತ್ತರ ದಶಕದ ನಡುವಿನವರೆಗಿನ, ಮಸಲ್ ಕಾರುಗಳ, ಅಂದರೆ ಜೋರು ವಿ8 ಎಂಜಿನ್ನಿನ, ಕಾರ್ಬ್ಯುರೇಟರ್ ಇರುವ ಅಮೆರಿಕನ್ ಕಾರುಗಳ ಬಗ್ಗೆ: ಷೆವೆಲ್, ಕಮಾರೊ, ಮಸ್ಟ್ಯಾಂಗ್, ರೋಡ್ ರನ್ನರ್, ಚಾಲೆಂಜರ್. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಗ್ಯಾರೇಜುಗಳಲ್ಲೂ ಟೊಯೋಟಾದ ಪಕ್ಕ ಇಂಥದೊಂದು ಹೊದಿಕೆ ಹೊದ್ದು ನಿಂತಿರುವುದುಂಟು. ಕ್ಯಾಚ್ ಕ್ಯಾನ್ ಬಗ್ಗೆ ಈಗ ಸಿಗುವ ಸಲಹೆಗಳಲ್ಲಿ ಬಹುಪಾಲು ಹೊಸ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಿಗಾಗಿ ಬರೆದವು. ಆ ಎಂಜಿನ್ನುಗಳಲ್ಲಿ ಪೆಟ್ರೋಲು ನೇರ ಸಿಲಿಂಡರಿಗೆ ಬೀಳುವುದರಿಂದ ಇನ್‌ಟೇಕ್ ವಾಲ್ವಿನ ಬೆನ್ನಿಗೆ ಇಂಗಾಲ ಕಟ್ಟುತ್ತದೆ. ಡಬ್ಬಿ ಮಾರುವವರು ಮೊದಲು ತೋರಿಸುವ ಫೋಟೋ ಅದೇ. ಕಾರ್ಬ್ಯುರೇಟರ್ ಎಂಜಿನ್ನಿನಲ್ಲಿ ಪೆಟ್ರೋಲು ಆ ವಾಲ್ವಿನ ಬೆನ್ನನ್ನು ತೊಳೆಯುತ್ತಲೇ ಒಳಗೆ ಹೋಗುತ್ತದೆ. ಹಾಗಾಗಿ ಆ ಫೋಟೋ ನೋಡಿ ನಿಮ್ಮ 350 ಅಥವಾ 383 ಘನ ಇಂಚಿನ ಎಂಜಿನ್ನಿಗೆ ಡಬ್ಬಿ ತರಬೇಕಾಗಿಲ್ಲ.

ಆದರೂ ನಮ್ಮ ಕಾರುಗಳಿಗೆ ಬೇರೆ ಕಾರಣವಿದೆ. ಜನರಲ್ ಮೋಟಾರ್ಸ್ 1971ರ ಮಾದರಿಗಳಿಂದ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಮಿಶ್ರಣವನ್ನು ಅದುಮುವ ಪ್ರಮಾಣ, ಇಳಿಸಿತು. ಅದಕ್ಕೆ ಮುಂಚಿನ ಜೋರು ಎಂಜಿನ್ನುಗಳು ಸೀಸ ಬೆರೆಸಿದ ಪ್ರೀಮಿಯಂ ಪೆಟ್ರೋಲಿಗೆಂದು ಮಾಡಿದವು. 1970ರ ಷೆವೆಲ್‌ನ ಎಲ್‌ಎಸ್6 ಎಂಬ 454 ಘನ ಇಂಚಿನ ಎಂಜಿನ್ನಿನಲ್ಲಿ ಕಂಪ್ರೆಷನ್ 11.25ಕ್ಕೆ 1. ಇವತ್ತಿನ ಬಂಕಿನ 91 ಅಥವಾ 93 ಆಕ್ಟೇನಿನ ಪೆಟ್ರೋಲಿನಲ್ಲಿ ಅಂಥ ಎಂಜಿನ್ ನಾಕಿಂಗಿನ (ಪೆಟ್ರೋಲು ತಾನಾಗಿಯೇ ಹೊತ್ತಿ ಬಡಿಯುವುದು) ಅಂಚಿನಲ್ಲೇ ಓಡುತ್ತಿರುತ್ತದೆ. ಅದರ ಜೊತೆಗೆ ಆಯಿಲಿನ ಮಂಜೂ ಒಳಗೆ ಹೋದರೆ ಪೆಟ್ರೋಲಿನ ನಾಕ್ ತಡೆಯುವ ಶಕ್ತಿ ಇನ್ನಷ್ಟು ಇಳಿಯುತ್ತದೆ. ಪ್ಲಗ್ಗು ಕಪ್ಪಾಗುವುದು, ಏರ್ ಕ್ಲೀನರ್ ಜಿಡ್ಡಾಗುವುದು ಇದಕ್ಕೆ ಹೋಲಿಸಿದರೆ ಸಣ್ಣ ತೊಂದರೆಗಳು.

ಎರಡು ದಾರಿ, ಎರಡು ಹೊತ್ತು

ಪಿಸ್ಟನ್ ರಿಂಗುಗಳು ಎಷ್ಟೇ ಗಟ್ಟಿಯಾಗಿದ್ದರೂ ಉರಿಯುವ ಅನಿಲದಲ್ಲಿ ಸ್ವಲ್ಪ ಕೆಳಕ್ಕೆ ನುಸುಳಿ ಎಂಜಿನ್ನಿನ ಹೊಟ್ಟೆಯಾದ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದೇ ಬ್ಲೋ-ಬೈ. ಹಿಂದೆ ಎಂಜಿನ್ನಿನಿಂದ ಒಂದು ಕೊಳವೆಯನ್ನು ಕಾರಿನಡಿಗೆ ಇಳಿಬಿಟ್ಟು ಅದನ್ನು ರಸ್ತೆಗೇ ಸುರಿಯುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಗಳಿಂದ, ಅಮೆರಿಕದ ಉಳಿದೆಡೆ 1963ರ ಹೊತ್ತಿಗೆ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್) ಬಂತು. ಆ ಆವಿಯನ್ನು ಮತ್ತೆ ಎಂಜಿನ್ನಿಗೇ ಎಳೆದು ಸುಡುವ ಏರ್ಪಾಡು ಇದು.

ಎಂಜಿನ್ ಐಡಲಿನಲ್ಲಿರುವಾಗ, ನಿಧಾನಕ್ಕೆ ಓಡುವಾಗ, ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಜಾಸ್ತಿ. ಒಳ್ಳೆಯ ಸ್ಥಿತಿಯಲ್ಲಿರುವ ಸಾದಾ ಕ್ಯಾಮಿನ (ವಾಲ್ವುಗಳನ್ನು ತೆರೆಸುವ ದಂಡ) ವಿ8ರಲ್ಲಿ ಪಾದರಸದ ಅಳತೆಯಲ್ಲಿ 17ರಿಂದ 20 ಇಂಚು. ಆ ಎಳೆತಕ್ಕೆ ಒಂದು ವಾಲ್ವ್ ಕವರಿನ ಬ್ರೀದರ್ ಎಂಬ ಗಾಳಿಬಾಯಿಯಿಂದ ತಾಜಾ ಗಾಳಿ ಒಳಗೆ ಬಂದು, ಕ್ರ್ಯಾಂಕ್‌ಕೇಸನ್ನು ಗುಡಿಸಿಕೊಂಡು, ಇನ್ನೊಂದು ಕವರಿನ ಪಿಸಿವಿ ವಾಲ್ವ್ ಮೂಲಕ ಕಾರ್ಬ್ಯುರೇಟರಿನ ಬುಡಕ್ಕೆ ಹೋಗುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಕತೆ ತಿರುಗುತ್ತದೆ. ವ್ಯಾಕ್ಯೂಮ್ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ಬ್ಲೋ-ಬೈ ಮಾತ್ರ ಅತಿ ಹೆಚ್ಚಾಗಿರುವುದು ಆಗಲೇ. ಪಿಸಿವಿ ಎಳೆದುಕೊಳ್ಳಲಾರದ ಆವಿ ತಾಜಾ ಗಾಳಿ ಬರುತ್ತಿದ್ದ ಬ್ರೀದರಿನಿಂದಲೇ ಉಲ್ಟಾ ಹೊರಟು ಏರ್ ಕ್ಲೀನರಿಗೆ ನುಗ್ಗುತ್ತದೆ.

ಅಂದರೆ ಟ್ರಾಫಿಕ್ಕಿನಲ್ಲಿ ತೆವಳುವ ಕಾರಿನ ಆಯಿಲ್ ಪಿಸಿವಿ ಪೈಪಿನಲ್ಲಿ ಹೋಗುತ್ತದೆ. ಡ್ರ್ಯಾಗ್ ಸ್ಟ್ರಿಪ್ ಎಂಬ ನೇರ ಓಟದ ಟ್ರ್ಯಾಕಿನಲ್ಲಿ ಓಡುವ ಕಾರಿನದ್ದು ಬ್ರೀದರಿನಲ್ಲಿ. ಆಗಸ್ಟಿನಲ್ಲಿ ಡೆಟ್ರಾಯ್ಟ್ ಬದಿಯ ವುಡ್‌ವರ್ಡ್ ಅವೆನ್ಯೂವಿನ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಗಂಟೆಗಟ್ಟಲೆ ಐಡಲಿನಲ್ಲಿ ನಿಲ್ಲುವ ಕಾರಿಗೂ, ಕಾಲು ಮೈಲಿಯನ್ನು ಒಂದೇ ಉಸಿರಿಗೆ ಓಡುವ ಕಾರಿಗೂ ಒಂದೇ ಡಬ್ಬಿ ಹೇಗೆ ಸರಿಹೋದೀತು?

ದುಡ್ಡು ಖರ್ಚು ಮಾಡುವ ಮುಂಚೆ

ಏರ್ ಕ್ಲೀನರಿನ ಮುಚ್ಚಳ ತೆಗೆದು ನೋಡಿ. ಬ್ರೀದರ್ ಪೈಪು ಸೇರುವ ಮೂಲೆಯಲ್ಲಿ ಆಯಿಲ್ ಹನಿ ಇದ್ದರೆ ತೊಂದರೆ ಬ್ರೀದರ್ ಕಡೆಯದು. ಅಲ್ಲಿ ಒಣಗಿದ್ದು, ಪಿಸಿವಿ ಪೈಪು ಬಿಚ್ಚಿದಾಗ ಒಳಗೆ ಆಯಿಲ್ ತೊಟ್ಟಿಕ್ಕಿದರೆ ಪಿಸಿವಿ ಕಡೆಯದು. ಪಿಸಿವಿ ಪೈಪನ್ನು ಕಾರ್ಬ್ಯುರೇಟರಿನ ಬುಡಕ್ಕಲ್ಲದೆ ಮ್ಯಾನಿಫೋಲ್ಡಿನ ಒಂದು ಕವಲಿಗೆ ಮಾತ್ರ ಕೊಟ್ಟಿದ್ದರೆ ಆ ಸಿಲಿಂಡರಿನ ಪ್ಲಗ್ ಒಂದೇ ಜಿಡ್ಡಾಗಿರುತ್ತದೆ. ಅದಕ್ಕೆ ಡಬ್ಬಿ ಬೇಡ, ಪೈಪಿನ ಜಾಗ ಬದಲಾಯಿಸಿದರೆ ಮುಗಿಯಿತು.

ಈಗ ಅತಿ ಸಾಮಾನ್ಯ ಕಾರಣಕ್ಕೆ ಬರೋಣ. ಕಾರ್ಖಾನೆಯಿಂದ ಬಂದ ತಗಡಿನ ವಾಲ್ವ್ ಕವರಿನಲ್ಲಿ ಪಿಸಿವಿ ತೂತಿನ ಕೆಳಗೆ ಬ್ಯಾಫಲ್ ಎಂಬ ತಡೆತಗಡು ಇರುತ್ತದೆ. ಎಂಜಿನ್ನಿನ ವಾಲ್ವುಗಳನ್ನು ಒತ್ತುವ ರಾಕರುಗಳು ಚಿಮ್ಮಿಸುವ ಆಯಿಲ್ ನೇರ ಪಿಸಿವಿ ವಾಲ್ವಿಗೆ ಹಾರದಂತೆ ಅದು ಕಾಯುತ್ತದೆ. ಹಿಂದಿನ ಮಾಲೀಕರು ಹೊಳೆಯುವ ಅಲ್ಯೂಮಿನಿಯಂ ಕವರು ಹಾಕಿಸಿದಾಗ ಬ್ಯಾಫಲ್ ಇಲ್ಲದ್ದನ್ನು ಹಾಕಿಸಿರುವುದು ಹೆಚ್ಚು. ಆಗ ಪಿಸಿವಿ ಆವಿಯನ್ನಲ್ಲ, ಆಯಿಲನ್ನೇ ಕುಡಿಯುತ್ತದೆ. ಅಂಥ ಕಾರಿಗೆ ಎಷ್ಟು ದುಬಾರಿ ಡಬ್ಬಿ ಹಾಕಿದರೂ ಅದು ಬೇಗ ಬೇಗ ತುಂಬುತ್ತದೆ, ಮಾಲೀಕರು ಡಬ್ಬಿ ಭಾರಿ ಕೆಲಸ ಮಾಡುತ್ತಿದೆ ಎಂದು ಸಂತೋಷಪಡುತ್ತಾರೆ. ಕೆಲವೇ ಡಾಲರಿನ ಬ್ಯಾಫಲ್ ಕೂರಿಸಿದರೆ ಅರ್ಧ ಜನಕ್ಕೆ ಇಲ್ಲಿಗೇ ಕೆಲಸ ಮುಗಿಯುತ್ತದೆ ಎಂಬುದು ನನ್ನ ಅಂದಾಜು. ಪಾಂಟಿಯಾಕ್ ವಿ8 ಇಟ್ಟುಕೊಂಡವರು ಮಾತ್ರ ವಾಲ್ವ್ ಕವರಿನಲ್ಲಿ ಹುಡುಕಬಾರದು. ಅವರ ಪಿಸಿವಿ ಇರುವುದು ಇನ್‌ಟೇಕಿನ ಕೆಳಗಿನ ವ್ಯಾಲಿ ತಗಡಿನಲ್ಲಿ.

ಆಮೇಲೆ ಪಿಸಿವಿ ವಾಲ್ವ್. ಎಂಜಿನ್ ಐಡಲಿನಲ್ಲಿರುವಾಗ ಅದನ್ನು ಕವರಿನಿಂದ ಕಿತ್ತರೆ ಬುಸ್ಸೆಂದು ಗಾಳಿ ಎಳೆಯಬೇಕು; ಹೆಬ್ಬೆರಳಿನಿಂದ ಮುಚ್ಚಿದರೆ ಐಡಲ್ ತುಸು ಇಳಿಯಬೇಕು; ಎಂಜಿನ್ ನಿಲ್ಲಿಸಿ ಅಲ್ಲಾಡಿಸಿದರೆ ಟಕಟಕ ಎನ್ನಬೇಕು. ದೊಡ್ಡ ಕ್ಯಾಮ್ ಹಾಕಿದ ಎಂಜಿನ್ನಿನಲ್ಲಿ ಐಡಲ್ ವ್ಯಾಕ್ಯೂಮ್ 10-12 ಇಂಚಿಗೆ ಇಳಿದಿದ್ದರೆ, ಸಾದಾ ಎಂಜಿನ್ನಿಗೆಂದು ಮಾಡಿದ ವಾಲ್ವ್ ಐಡಲಿನಲ್ಲೇ ಅಗತ್ಯಕ್ಕಿಂತ ಹೆಚ್ಚು ತೆರೆದು ಆಯಿಲ್ ಎಳೆಯಬಹುದು. ಇಂಥವರಿಗೆ ಎಂ/ಇ ವ್ಯಾಗ್ನರ್ ಕಂಪನಿಯದೊಂದು ವಾಲ್ವ್ ಇದೆ, ಐಡಲಿಗೂ ಕ್ರೂಸಿಗೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳಬಹುದು. ಬೆಲೆ ಹಲವು ಕ್ಯಾಚ್ ಕ್ಯಾನುಗಳಿಗಿಂತ ಹೆಚ್ಚು. ಆದರೂ ಜೋರು ಕ್ಯಾಮಿನ ರಸ್ತೆ ಕಾರಿಗೆ ಡಬ್ಬಿಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಡಬ್ಬಿಗೆ ಸಂಬಂಧವೇ ಇಲ್ಲದ ಹೊಗೆಯೂ ಉಂಟು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಸವೆದಿದೆ. ಪಿಕಪ್ ಕೊಟ್ಟಾಗೆಲ್ಲ ನೀಲಿ ಹೊಗೆ ಬರುತ್ತಿದ್ದರೆ ರಿಂಗ್ ನೋಡಬೇಕು. ಷೆವಿ ಸ್ಮಾಲ್ ಬ್ಲಾಕಿನಲ್ಲಿ ಇನ್‌ಟೇಕ್ ಗ್ಯಾಸ್ಕೆಟ್ಟು ಕೆಳಬದಿಯಲ್ಲಿ ಬಿಟ್ಟುಕೊಂಡು ವ್ಯಾಲಿಯಿಂದಲೇ ಆಯಿಲ್ ಹೀರುವ ರೋಗವೂ ಹಳೆಯದು. ಬ್ರೀದರ್ ಕಡೆ ಆಯಿಲ್ ಉಕ್ಕುತ್ತಿದ್ದರೆ ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅಳೆಯುವುದು) ಮಾಡಿಸಿ. ಸೋರಿಕೆ ಶೇಕಡಾ 10ರೊಳಗಿದ್ದರೆ ಎಂಜಿನ್ ಚೆನ್ನಾಗಿದೆ. 20 ದಾಟಿ ಗಾಳಿಯ ಸದ್ದು ಆಯಿಲ್ ಹಾಕುವ ಬಾಯಿಂದ ಕೇಳುತ್ತಿದ್ದರೆ ಡಬ್ಬಿಯ ದುಡ್ಡನ್ನು ರಿಂಗಿಗೆ ಕೂಡಿಡಿ.

ಮುಚ್ಚಿದ ಡಬ್ಬಿಯೋ, ತೆರೆದದ್ದೋ

ಇಷ್ಟೆಲ್ಲ ನೋಡಿಯೂ ಡಬ್ಬಿ ಬೇಕೆನಿಸಿದರೆ ನಿಜವಾದ ಆಯ್ಕೆ ಇಲ್ಲಿದೆ.

ಮುಚ್ಚಿದ ಡಬ್ಬಿಗೆ ಒಂದು ಒಳದಾರಿ, ಒಂದು ಹೊರದಾರಿ. ಹೊರಗಿನ ಗಾಳಿಗೆ ಎಲ್ಲೂ ತೆರೆದಿರುವುದಿಲ್ಲ. ವಾಲ್ವ್ ಕವರು, ಪಿಸಿವಿ ವಾಲ್ವ್, ಡಬ್ಬಿ, ಕಾರ್ಬ್ಯುರೇಟರಿನ ಬುಡ: ಈ ಕ್ರಮದಲ್ಲಿ ಅದನ್ನು ಕೂರಿಸುತ್ತಾರೆ. ಡಬ್ಬಿ ಬಂತೆಂದು ವಾಲ್ವನ್ನು ಕಿತ್ತುಹಾಕುವವರಿದ್ದಾರೆ, ಅದು ತಪ್ಪು. ಕಾರ್ಬ್ಯುರೇಟರ್ ಬ್ಯಾಕ್‌ಫೈರ್ ಆದಾಗ ಬೆಂಕಿ ಕ್ರ್ಯಾಂಕ್‌ಕೇಸಿಗೆ ಇಳಿಯದಂತೆ ಮುಚ್ಚಿಕೊಳ್ಳುವುದು ಆ ವಾಲ್ವೇ. ರಸ್ತೆಯಲ್ಲಿ ಓಡುವ, ಭಾನುವಾರ ಹೊರತೆಗೆಯುವ, ಆಗಾಗ ಹೈವೇ ಹತ್ತುವ ಕಾರಿಗೆ ನನ್ನ ಓಟು ಇದಕ್ಕೇ. ಪಿಸಿವಿ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಆಯಿಲಿನಲ್ಲಿ ಸೇರುವ ನೀರು, ಪೆಟ್ರೋಲಿನ ಆವಿ ಹೊರಹೋಗುತ್ತಲೇ ಇರುತ್ತದೆ, ಕಾರ್ಬ್ಯುರೇಟರಿನ ಹೊಂದಾಣಿಕೆ ಕೆಡುವುದಿಲ್ಲ, ವಾಸನೆ ಬರುವುದಿಲ್ಲ.

ತೆರೆದ ಡಬ್ಬಿಯ ನೆತ್ತಿಯ ಮೇಲೆ ಸಣ್ಣ ಫಿಲ್ಟರ್ ಇರುತ್ತದೆ. ಆವಿ ಒಳಗೆ ಬಂದು, ಆಯಿಲ್ ಬಿಟ್ಟು, ಗಾಳಿಗೆ ಹೋಗುತ್ತದೆ. ಇದು ಬ್ರೀದರ್ ಕಡೆಯ ಡಬ್ಬಿ, ಟ್ರ್ಯಾಕಿನ ಡಬ್ಬಿ. ಎರಡೂ ವಾಲ್ವ್ ಕವರಿನಿಂದ ದಪ್ಪ ಪೈಪು ತಂದು, ಪಿಸಿವಿಯನ್ನೇ ತೆಗೆದು, ಒಂದು ದೊಡ್ಡ ತೆರೆದ ಡಬ್ಬಿಗೆ ಕೊಡುವುದು ರೇಸಿನವರ ಪದ್ಧತಿ. ಪ್ರತಿ ಓಟದ ನಂತರ ಆಯಿಲ್ ನೋಡುವವರಿಗೆ, ಆಗಾಗ ಬದಲಾಯಿಸುವವರಿಗೆ ಅದು ನಡೆಯುತ್ತದೆ. ರಸ್ತೆ ಕಾರಿನಲ್ಲಿ ಅದೇ ಮಾಡಿದರೆ ಕ್ರ್ಯಾಂಕ್‌ಕೇಸನ್ನು ಗುಡಿಸುವ ಗಾಳಿಯೇ ನಿಂತುಹೋಗಿ ಆಯಿಲಿನಲ್ಲಿ ಗಸಿ ಕಟ್ಟುತ್ತದೆ. ಹೊರಡುವ ಆವಿ ಬಾನೆಟ್ಟಿನ ಹಿಂಬದಿಯಿಂದ ಕಾರಿನೊಳಗೇ ಬರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದಲ್ಲಿ ಕೂತ ಹೆಂಡತಿಯೋ ಗಂಡನೋ ಎಷ್ಟು ದಿನ ಸಹಿಸುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎಲ್ಲಕ್ಕಿಂತ ಕೆಟ್ಟದ್ದು ತೆರೆದ ಡಬ್ಬಿಯನ್ನು ತಂದು ಪಿಸಿವಿಯ ವ್ಯಾಕ್ಯೂಮ್ ಪೈಪಿಗೆ ಸೇರಿಸುವುದು. ನೋಡಲು ಎರಡೂ ಒಂದೇ ತರಹ ಇರುವುದರಿಂದ ಹೀಗಾಗುತ್ತದೆ. ಆಗ ಫಿಲ್ಟರಿನಿಂದ ಬರುವ ಗಾಳಿ ನೇರ ಕಾರ್ಬ್ಯುರೇಟರಿನ ಕೆಳಗೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಐಡಲಿನಲ್ಲಿ ನಿಲ್ಲುವುದಿಲ್ಲ, ನಿಂತರೂ ಕುಂಟುತ್ತದೆ. ಡಬ್ಬಿ ಹಾಕಿದ ದಿನದಿಂದ ಕಾರ್ಬ್ಯುರೇಟರ್ ಕೆಟ್ಟಿದೆ ಎನ್ನುವವರ ಬಾನೆಟ್ ತೆರೆಸಿ ಮೊದಲು ಇದನ್ನೇ ನೋಡಬೇಕು.

ರಸ್ತೆಯಲ್ಲೂ ಓಡಿಸಿ ತಿಂಗಳಿಗೊಮ್ಮೆ ಸ್ಟ್ರಿಪ್ಪಿಗೂ ಹೋಗುವವರಿಗೆ ಎರಡು ಸಣ್ಣ ಮುಚ್ಚಿದ ಡಬ್ಬಿಗಳು ಸರಿ: ಒಂದು ಪಿಸಿವಿ ಕಡೆಗೆ, ಇನ್ನೊಂದು ಬ್ರೀದರಿಗೂ ಏರ್ ಕ್ಲೀನರಿಗೂ ನಡುವೆ. ಮೂರು ಬಾಯಿಯ ಒಂದೇ ಡಬ್ಬಿಯಲ್ಲಿ ಎರಡೂ ಕೆಲಸ ಮಾಡಿಸುತ್ತೇವೆ ಎನ್ನುವ ಕಿಟ್ಟುಗಳಿವೆ. ಹೊಸ ಟರ್ಬೊ ಎಂಜಿನ್ನುಗಳಲ್ಲಿ ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಜೊತೆ ಅದಕ್ಕೆ ಅರ್ಥವಿದೆ, ನಮ್ಮ ಸಾದಾ ವಿ8ಗೆ ಬರೀ ಗೊಂದಲ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಬ್ಲೋವರ್ ಅಥವಾ ಟರ್ಬೊ ಸೇರಿಸಿದವರ ಲೆಕ್ಕವೇ ಬೇರೆ. ಅಲ್ಲಿ ಬೂಸ್ಟಿನ ಒತ್ತಡ ಪಿಸಿವಿ ಪೈಪಿನಲ್ಲಿ ಉಲ್ಟಾ ಬಾರದಂತೆ ಚೆಕ್ ವಾಲ್ವ್ ಕಡ್ಡಾಯ.

ಇನ್ನು ಹೆಡರಿನ, ಅಂದರೆ ಎಂಜಿನ್ನಿನಿಂದ ಹೊರಡುವ ಎಕ್ಸಾಸ್ಟ್ ಕೊಳವೆಗಳ, ಕೂಡುಜಾಗವಾದ ಕಲೆಕ್ಟರಿಗೆ ಕೊಳವೆ ಬೆಸೆದು, ಎಕ್ಸಾಸ್ಟಿನ ಎಳೆತದಿಂದಲೇ ಕ್ರ್ಯಾಂಕ್‌ಕೇಸ್ ಖಾಲಿ ಮಾಡುವ ಕಿಟ್ಟುಗಳನ್ನು ಮೊರೊಸೊದಂಥ ಕಂಪನಿಗಳು ಮಾರುತ್ತವೆ. ಸೈಲೆನ್ಸರ್ ಇಲ್ಲದ ರೇಸ್ ಕಾರಿಗೆ ಚೆನ್ನ. ಸೈಲೆನ್ಸರಿನ ಹಿಮ್ಮುಖ ಒತ್ತಡ ಇರುವ ರಸ್ತೆ ಕಾರಿನಲ್ಲಿ ಆ ಎಳೆತ ಸಿಗುವುದಿಲ್ಲ. ಬೆಲ್ಟಿನಿಂದ ಓಡುವ ವ್ಯಾಕ್ಯೂಮ್ ಪಂಪು ರೇಸಿನವರಿಗೆ ಬಿಟ್ಟದ್ದು.

ಅಂದಹಾಗೆ, ಆವಿಯನ್ನು ಡಬ್ಬಿಯಲ್ಲಿ ಹಿಡಿಯುವುದು ನಮ್ಮೂರಿನ ಕಣ್ಣಿಗೆ ಹೊಸತೇನಲ್ಲ. ಹಳೆಯ ಎರಕದ ಕಬ್ಬಿಣದ ಎಂಜಿನ್ನಿನ ಬುಲೆಟ್ಟಿನಲ್ಲಿ ಬ್ರೀದರ್ ಪೈಪಿಗೆ ಕಂಪನಿಯೇ ಒಂದು ಪುಟ್ಟ ಕ್ಯಾಚ್ ಕ್ಯಾನ್ ಕೊಡುತ್ತಿತ್ತು. ಮೆಕ್ಯಾನಿಕ್ಕುಗಳು ಅದನ್ನು ಕಿತ್ತೆಸೆದು ಪೈಪನ್ನು ಚೈನಿನ ಕಡೆಗೆ ತಿರುಗಿಸಿಬಿಡುತ್ತಿದ್ದರು.

ಡಬ್ಬಿಯ ಹೊಟ್ಟೆಯೊಳಗೆ

ಬೆಲೆಯ ವ್ಯತ್ಯಾಸವೆಲ್ಲ ಕಾಣಿಸುವುದು ಮುಚ್ಚಳ ಬಿಚ್ಚಿದ ಮೇಲೆ. ಅಗ್ಗದ ಡಬ್ಬಿಗಳಲ್ಲಿ ಹಲವು ಬರೀ ಖಾಲಿ ಸಿಲಿಂಡರು, ನೆತ್ತಿಯ ಮೇಲೆ ಅಕ್ಕಪಕ್ಕ ಎರಡು ನಳಿಗೆ. ಆವಿ ಒಂದರಿಂದ ಬಂದು ಇನ್ನೊಂದರಿಂದ ಹಾಗೆಯೇ ಹೊರಟುಹೋಗುತ್ತದೆ. ಒಳಗೆ ಬರುವ ಕೊಳವೆ ಕೆಳಗಿನವರೆಗೆ ಇಳಿದಿರಬೇಕು, ನಡುವೆ ತಡೆತಗಡು ಇರಬೇಕು, ಹೊರದಾರಿಗೆ ಮುಂಚೆ ಸ್ಟೇನ್‌ಲೆಸ್ ಜಾಲರಿಯೋ ಕಂಚಿನ ಫಿಲ್ಟರೋ ಇರಬೇಕು. ತಣ್ಣನೆಯ ಲೋಹಕ್ಕೆ ತಾಗಿ, ದಿಕ್ಕು ತಿರುಗಿ, ವೇಗ ಕಳೆದುಕೊಂಡಾಗಲೇ ಮಂಜು ಹನಿಯಾಗುವುದು. ಖಾಲಿ ಡಬ್ಬಿಗೆ ಪಾತ್ರೆ ತಿಕ್ಕುವ ಉಕ್ಕಿನ ನಾರು ತುರುಕುವವರಿದ್ದಾರೆ. ಆ ನಾರು ತುಂಡಾಗಿ ಎಂಜಿನ್ನಿಗೆ ಹೋಗುವುದಕ್ಕಿಂತ ಆಯಿಲ್ ಹೋಗುವುದೇ ಮೇಲು.

ಏರ್ ಕಂಪ್ರೆಸರಿನ ನೀರು ಬೇರ್ಪಡಿಸುವ ಫಿಲ್ಟರನ್ನೇ ಹಾರ್ಡ್‌ವೇರ್ ಅಂಗಡಿಯಿಂದ ತಂದು ಕ್ಯಾಚ್ ಕ್ಯಾನ್ ಮಾಡಿಕೊಳ್ಳುವುದು ಅಮೆರಿಕದಲ್ಲಿ ಹಳೆಯ ಉಪಾಯ. ಲೋಹದ ಬಟ್ಟಲಿನದ್ದಾದರೆ, ಒಳಗಿನ ಸೂಕ್ಷ್ಮ ಫಿಲ್ಟರನ್ನು ತೆಗೆದು ಗಾಳಿಗೆ ಅಡ್ಡಿಯಾಗದಂತೆ ಮಾಡಿದರೆ, ಪಿಸಿವಿ ಕಡೆಗೆ ಸಾಕಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲಿನದ್ದನ್ನು ಬಿಸಿ ಬಾನೆಟ್ಟಿನಡಿ ಇಡಬೇಡಿ. ಕಾವಿಗೂ ಪೆಟ್ರೋಲಿನ ಆವಿಗೂ ಅದು ಸೀಳುತ್ತದೆ.

ಗಾತ್ರದ ವಿಷಯದಲ್ಲಿ ಜನ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾರೆ. ಆರೋಗ್ಯವಾಗಿರುವ ರಸ್ತೆ ಎಂಜಿನ್ನಿಗೆ ಕಾಲು ಲೀಟರಿನದು ಧಾರಾಳ. ಅದು ವಾರದಲ್ಲಿ ತುಂಬಿದರೆ ಬೇಕಾದದ್ದು ದೊಡ್ಡ ಡಬ್ಬಿಯಲ್ಲ. ರೇಸಿನ ತೆರೆದ ಡಬ್ಬಿ ಮಾತ್ರ ಒಂದು ಕ್ವಾರ್ಟ್, ಅಂದರೆ 946 ಮಿಲಿಲೀಟರ್, ಅಥವಾ ಅದಕ್ಕಿಂತ ದೊಡ್ಡದಿರಲಿ. ಡ್ರ್ಯಾಗ್ ರೇಸಿನ ನಿಯಮಪುಸ್ತಕದಲ್ಲಿ ‘ಕ್ಯಾಚ್ ಕ್ಯಾನ್’ ಎಂದು ಕಂಡರೆ ಅದು ರೇಡಿಯೇಟರಿನಿಂದ ಉಕ್ಕುವ ನೀರಿನ ಡಬ್ಬಿಯೇ ಇರಬಹುದು, ಓದಿ ನೋಡಿ. ಎರಡನ್ನೂ ಒಂದರಲ್ಲೇ ಮುಗಿಸಲಾಗದು.

ಖಾಲಿ ಮಾಡುವ ಸುಲಭಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಬುಡದಲ್ಲಿ ಪುಟ್ಟ ನಲ್ಲಿ ಇದ್ದರೆ ಒಂದು ನಿಮಿಷದ ಕೆಲಸ. ಬುಡವನ್ನೇ ತಿರುಗಿಸಿ ಬಿಚ್ಚುವಂಥದ್ದಾದರೆ ಕೈ ಹಾಕುವಷ್ಟು ಜಾಗ ಕೆಳಗಿರಬೇಕು. ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಬೇಕಾದ ಡಬ್ಬಿಯನ್ನು ಯಾರೂ ಎರಡನೇ ಸಲ ಖಾಲಿ ಮಾಡುವುದಿಲ್ಲ. ಪಕ್ಕದ ಪ್ಲಾಸ್ಟಿಕ್ ಕೊಳವೆಯಲ್ಲಿ ಮಟ್ಟ ಕಾಣುವ ಡಬ್ಬಿ ಮೊದಲ ವರ್ಷ ಚೆಂದ, ಆಮೇಲೆ ಕೊಳವೆ ಹಳದಿಗಟ್ಟಿ ಏನೂ ಕಾಣದು. ಅಳೆಯುವ ಕಡ್ಡಿ ಇರುವುದು ಮೇಲು.

ಬೆಲೆ ಹೇಳುವುದಾದರೆ 30-40 ಡಾಲರಿಗೆ ಸಿಗುವುದರಲ್ಲಿ ಒಳಗಿನ ತಡೆತಗಡನ್ನು ಕಣ್ಣಾರೆ ನೋಡಿಯೇ ಕೊಳ್ಳಿ. 100ರಿಂದ 200 ಡಾಲರಿನೊಳಗೆ ಮಿಶಿಮೊಟೊ, ಮೊರೊಸೊ ಮುಂತಾದವರ ಒಳ್ಳೆಯ ಮುಚ್ಚಿದ ಡಬ್ಬಿಗಳು ಸಿಗುತ್ತವೆ. ಅದಕ್ಕೂ ಮೇಲಿನ ಬೆಲೆಗೆ ಸಿಗುವುದು ಹೆಚ್ಚಾಗಿ ಪಾಲಿಶ್. ನಿರ್ದಿಷ್ಟ ಹೊಸ ಕಾರಿಗೆಂದೇ ಮಾಡಿದ ಕಿಟ್ಟಿಗೆ ಹೆಚ್ಚು ಕೊಡಬೇಡಿ, ಅದರ ಬ್ರ್ಯಾಕೆಟ್ ನಿಮ್ಮ ಕಾರಿಗೆ ಕೂರುವುದಿಲ್ಲ.

ಕೂರಿಸುವಾಗ

ಹೆಡರಿನಿಂದ ದೂರ, ಗಾಳಿ ಆಡುವ ಕಡೆ: ರೇಡಿಯೇಟರ್ ಸಪೋರ್ಟು ಅಥವಾ ಫೆಂಡರಿನ ಒಳಬದಿ. ಡಬ್ಬಿ ಬಿಸಿಯಾದರೆ ಆಯಿಲ್ ಆವಿಯಾಗಿಯೇ ದಾಟಿಹೋಗುತ್ತದೆ. ತೆರೆದ ಡಬ್ಬಿ ಉಕ್ಕಿ ಹೆಡರಿನ ಮೇಲೆ ಸುರಿದರೆ ಬೆಂಕಿ. ಪೈಪು ಎಂಜಿನ್ನಿನಿಂದ ಡಬ್ಬಿಯ ಕಡೆಗೆ ಇಳಿಜಾರಾಗಿರಲಿ, ನಡುವೆ ಜೋಲುಬಿದ್ದರೆ ಅಲ್ಲೇ ಆಯಿಲ್ ನಿಲ್ಲುತ್ತದೆ. ಹೀಟರ್ ಪೈಪು ಕೈಗೆ ಸಿಕ್ಕಿತೆಂದು ಹಾಕಬೇಡಿ. ಆಯಿಲಿಗೆ ಅದು ಮೆತ್ತಗಾಗಿ, ವ್ಯಾಕ್ಯೂಮಿಗೆ ಚಪ್ಪಟೆಯಾಗುತ್ತದೆ. ಪಿಸಿವಿ ಕಡೆಗೆ ಮೊದಲಿದ್ದ ಅಳತೆಯ, ಸಾಮಾನ್ಯವಾಗಿ 3/8 ಇಂಚಿನ, ಪಿಸಿವಿ ಪೈಪೇ ಸಾಕು. ಬ್ರೀದರ್ ಕಡೆಗೆ 5/8 ಇಂಚಿಗೆ ಕಡಿಮೆ ಬೇಡ. ಎಡಲ್‌ಬ್ರಾಕ್ ಕಾರ್ಬ್ಯುರೇಟರಿನಲ್ಲಿ ಮುಂದಿನ ದಪ್ಪ ನಳಿಗೆ ಪಿಸಿವಿಗೆ, ಹಿಂದಿನದು ಪವರ್ ಬ್ರೇಕಿಗೆ. ಬ್ರೇಕಿನ ಪೈಪಿಗೆ ಡಬ್ಬಿ ಸೇರಿಸುವ ಯೋಚನೆ ಯಾವ ಕಾರಣಕ್ಕೂ ಬೇಡ.

ಹೊಸ ಡಬ್ಬಿಯನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಿ. ಬೆಸುಗೆಯ ಕಣಗಳು ಒಳಗಿರುತ್ತವೆ. ಮುಚ್ಚಿದ ಡಬ್ಬಿಯ ಒಂದು ಬಾಯಿಗೆ ಬೆರಳಿಟ್ಟು ಇನ್ನೊಂದರಿಂದ ಊದಿ, ಗಾಳಿ ಸೋರಿದರೆ ವಾಪಸ್ ಕಳಿಸಿ.

ಕಾನೂನಿನ ಮಾತು. ಕ್ಯಾಲಿಫೋರ್ನಿಯಾದಲ್ಲಿ 1975 ಹಾಗೂ ಅದಕ್ಕಿಂತ ಹಳೆಯ ಮಾದರಿಯ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ (ಹೊಗೆ) ಪರೀಕ್ಷೆಯಿಂದ ವಿನಾಯಿತಿ ಇದೆ. ಅದು ಪರೀಕ್ಷೆಯಿಂದ ಸಿಕ್ಕ ವಿನಾಯಿತಿ, ಕಾರಿನೊಂದಿಗೆ ಬಂದ ಪಿಸಿವಿಯನ್ನು ಕಿತ್ತುಹಾಕಲು ಸಿಕ್ಕ ಅನುಮತಿಯಲ್ಲ. ಮುಚ್ಚಿದ ಡಬ್ಬಿಯ ಪರವಾಗಿ ಇದೂ ಒಂದು ಕಾರಣ.

ಹಾಕಿದ ಮೇಲೆ ಐಡಲ್ ಸ್ಕ್ರೂ ಒಮ್ಮೆ ನೋಡಿಕೊಳ್ಳಿ, ವ್ಯಾಕ್ಯೂಮ್ ಗೇಜಿನಲ್ಲಿ ಮೊದಲಿನಷ್ಟೇ ತೋರಿಸಬೇಕು. ಮೊದಲ 500 ಮೈಲಿಗೆ ಒಮ್ಮೆ ಬಿಚ್ಚಿ ನೋಡಿ, ಆಮೇಲೆ ಆಯಿಲ್ ಬದಲಾಯಿಸುವಾಗಲೆಲ್ಲ. ಮಿಶಿಗನ್ನಿನಂಥ ಚಳಿಯಲ್ಲಿ ಹತ್ತಿರದ ಓಡಾಟವೇ ಹೆಚ್ಚಿದ್ದರೆ ಡಬ್ಬಿಯಲ್ಲಿ ಮಜ್ಜಿಗೆಯಂಥ ಬಿಳಿ ಗಸಿ ಕಾಣುತ್ತದೆ. ಎಂಜಿನ್ ಆಯಿಲ್ ಕಡ್ಡಿ ಸ್ವಚ್ಛವಾಗಿದ್ದು ರೇಡಿಯೇಟರಿನ ನೀರು ಇಳಿಯದಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಚಿಂತೆ ಬೇಡ, ಅದು ಬರೀ ತೇವ. ಆದರೆ ಅದು ಹೆಪ್ಪುಗಟ್ಟಿ ಪೈಪು ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸಿನ ಒತ್ತಡ ಸೀಲುಗಳನ್ನು ಹೊರದಬ್ಬುತ್ತದೆ. ಹಾಗಾಗಿ ಚಳಿಗಾಲದಲ್ಲೂ ಕಾರು ಓಡಿಸುವವರು ಡಬ್ಬಿಯನ್ನು ಪದೇಪದೇ ಖಾಲಿ ಮಾಡಬೇಕು. ಚಳಿಗಾಲಕ್ಕೆ ಕಾರು ಮಲಗಿಸುವವರು ಮಲಗಿಸುವ ದಿನವೇ ಬರಿದು ಮಾಡಿಬಿಡಿ.